ಪೈಲ್ವಾನರ ಹಸಿರು ಕೀವು

ಕಫ, ಕೀವು ನೋಡುತ್ತಾ ಕೂತವನಿಗೆ ನಗು ಎಲ್ಲಿಂದ ಬರಬೇಕು ಅಂತ ಎಲ್ಲರೂ ಕೇಳುತ್ತಾರೆ. ಅಯ್ಯೋ, ಅದು ಹುಡುಕಿಕೊಂಡೇ ಬರುತ್ತೆ ಕಣ್ರೀ! ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನಾನು ಕ್ರಿಮಿ ಪರೀಕ್ಷೆಯ ಡಾಕ್ಟರಾಗಿದ್ದೆ. ಪೆನ್ಸಿಲಿನ್ ಅಂದರೆ ಜನ ಕೈಮುಗಿಯುತ್ತಿದ್ದ ಕಾಲ ಅದು.

ಸೊಪ್ಪಿನ ಮೇಲೆ ಅಪವಾದ

ನಜರ್‌ಬಾದಿನ ಪೈಲ್ವಾನರೊಬ್ಬರ ಮೊಣಕಾಲ ಕೆಳಗೆ ಗಾಯ. ಪೆನ್ಸಿಲಿನ್ ಚುಚ್ಚಿ ಚುಚ್ಚಿ ನರ್ಸಮ್ಮನ ಕೈ ಸೋತಿತ್ತು, ಗಾಯ ಮಾತ್ರ ಜಗ್ಗಿರಲಿಲ್ಲ. "ಮೂಳೆಗೆ ಇಳಿದರೆ ಕಾಲು ತೆಗೀಬೇಕಾಗುತ್ತೆ" ಅಂದುಬಿಟ್ಟಿದ್ದರು ಸರ್ಜನ್ನರು. ಬ್ಯಾಂಡೇಜ್ ಬಿಚ್ಚಿದರೆ ಕೀವು ಹಚ್ಚ ಹಸಿರು! ಪೈಲ್ವಾನರ ತಾಯಿ ಅಳುತ್ತಾ ನನ್ನ ಹತ್ತಿರ ಬಂದರು.

"ನಂದೇ ತಪ್ಪು ಸ್ವಾಮಿ. ದಿನಾ ಬಸ್ಸಾರು ಮಾಡಿ ಸೊಪ್ಪು ತಿನ್ನಿಸ್ಬುಟ್ಟೆ."

"ಅದು ಸೊಪ್ಪಿನ ಬಣ್ಣ ಅಲ್ಲ ಕಣಮ್ಮ, ಕ್ರಿಮೀದು."

ಆಕೆ ನಂಬಲಿಲ್ಲ. ಅಂದಿನಿಂದ ಮಗನಿಗೆ ಬರೀ ಬಿಳೀ ಊಟ, ಅನ್ನ ಮಜ್ಜಿಗೆ. ಗಾಯಕ್ಕೆ ಅಳದ ಪೈಲ್ವಾನರು ಊಟಕ್ಕೆ ಅತ್ತರು.

ಗಾಜಿನ ತಟ್ಟೆಯ ಕುಸ್ತಿ

ಕೀವಿನ ಕ್ರಿಮಿಯನ್ನು ಗಾಜಿನ ತಟ್ಟೆಯಲ್ಲಿ ಬೆಳೆಯಲು ಬಿಟ್ಟು, ಮೇಲೆ ಔಷಧಿ ನೆನೆಸಿದ ಕಾಗದದ ಬಿಲ್ಲೆಗಳನ್ನು ಇಟ್ಟೆ. ಔಷಧಿ ಗೆದ್ದರೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯುವುದಿಲ್ಲ. ಇದನ್ನು ಪೈಲ್ವಾನರಿಗೆ ಹೇಳಿದ್ದೇ ತಪ್ಪಾಯಿತು. ಬೆಳಗಾದರೆ ಕುಂಟಿಕೊಂಡು ಹಾಜರು, ಹಿಂದೆ ಗರಡಿಯ ಗೆಳೆಯರೆಲ್ಲ.

"ಪೆನ್ಸಿಲಿನ್ ಏನಾಯ್ತು ಸಾರ್?"

"ಚಿತ್ತಾಯ್ತು."

"ಸ್ಟ್ರೆಪ್ಟೊಮೈಸಿನ್ನು?"

"ಅದೂ ಚಿತ್ತೇ."

ಪೈಲ್ವಾನರು ತಟ್ಟೆಯನ್ನೇ ಗೌರವದಿಂದ ನೋಡಿದರು. "ಏನೇ ಅನ್ನಿ ಸಾರ್, ಕ್ರಿಮಿ ಒಳ್ಳೇ ಗರಡೀಲಿ ತಯಾರಾಗ್ಯದೆ!"

ಯಾವ ಗರಡಿ?

ಆ ಮಾತು ನನ್ನ ತಲೆ ಕೊರೆಯಿತು. ಈ ಹಸಿರು ಕ್ರಿಮಿ ಒದ್ದೆ ಮಣ್ಣಿನಲ್ಲಿ, ನೀರಿನಲ್ಲಿ ತನ್ನ ಪಾಡಿಗೆ ಇರುತ್ತೆ. ಗಟ್ಟಿ ಚರ್ಮದವರ ತಂಟೆಗೆ ಬರಲ್ಲ, ಗಾಯ ಕಂಡರೆ ಮಾತ್ರ ನುಗ್ಗುತ್ತೆ.

"ಗಾಯಕ್ಕೆ ಏನಾದ್ರೂ ಹಚ್ತಾ ಇದೀರಾ?"

"ಏನಿಲ್ಲ ಸಾರ್. ಬ್ಯಾಂಡೇಜ್ ಒಳಗೆ ದಿನಾ ಒಂದು ಚಿಟಿಕೆ ಗರಡಿ ಮಣ್ಣು. ಅದು ನಮಗೆ ತಾಯಿ ಅಲ್ವಾ?"

ನನಗೆ ಪಿತ್ತ ನೆತ್ತಿಗೇರಿತು. "ಅಯ್ಯೋ ಮಹರಾಯ! ನಾವಿಲ್ಲಿ ಒಬ್ಬನ್ನ ಕೆಡವೋದ್ರೊಳಗೆ ನೀವು ಹೊಸ ಜಟ್ಟೀನ ಇಳಿಸ್ತಿದೀರಲ್ಲ!"

ಮಣ್ಣು ನಿಂತಿತು. ಸರ್ಜನ್ನರೂ ನಾನೂ ಮಾತಾಡಿ ಹಳೇ ಉಪಾಯವೊಂದಕ್ಕೆ ಕೈಹಾಕಿದೆವು. ವಿನಿಗರ್ ಬೆರೆಸಿದ ನೀರಲ್ಲಿ ಬಟ್ಟೆ ನೆನೆಸಿ ಕಟ್ಟುವುದು. ಆ ಹುಳಿ ಈ ಕ್ರಿಮಿಗೆ ಆಗಿಬರಲ್ಲ. ನರ್ಸಮ್ಮ ಕ್ರೈಸ್ತರು, ಕಟ್ಟುತ್ತಾ ಖುಷಿಯಿಂದ ಅಂದರು, "ಕ್ರಿಸ್‌ಮಸ್ಸಿಗೆ ನಾವು ಮಾಂಸ ನೆನೆಹಾಕೋದೂ ಇದರಲ್ಲೇ."

ಪೈಲ್ವಾನರು ಕಾಲು ಎಳೆದುಕೊಂಡರು. "ನೆನೆಹಾಕೋದು ಅಷ್ಟೇ ತಾನೇ ನರ್ಸಮ್ಮ? ಒಲೆ ಮೇಲೆ ಇಡಲ್ಲ ತಾನೇ?"

ಎರಡೂ ಕಾಲು

ನಿಧಾನವಾಗಿ ಗಾಯ ಮಾಯಿತು, ಕಾಲು ಉಳಿಯಿತು. ಆ ವರ್ಷದ ದಸರಾ ತಪ್ಪಿದರೂ ಮುಂದಿನ ದಸರಾ ಕುಸ್ತಿಗೆ ಪೈಲ್ವಾನರು ಇಳಿದೇಬಿಟ್ಟರು. ನಾನು, ನರ್ಸಮ್ಮ, ಪೈಲ್ವಾನರ ತಾಯಿ, ಮೂವರೂ ಮುಂದಿನ ಸಾಲಿನಲ್ಲಿ.

ಎದುರಾಳಿ ಬಂದವನೇ ನಮ್ಮವರನ್ನು ಎತ್ತಿ ಒಗೆದ. ಬೆನ್ನು ಮಣ್ಣಿಗೆ, ಕಾಲೆರಡೂ ಆಕಾಶಕ್ಕೆ. ನಮ್ಮ ಕಡೆಯವರೆಲ್ಲ ತಲೆ ಮೇಲೆ ಕೈ ಹೊತ್ತರು. ಅಷ್ಟರಲ್ಲಿ ತಾಯಿ ಎದ್ದು ನಿಂತು, ಕಣ್ಣಲ್ಲಿ ನೀರು ಸುರಿಸುತ್ತಾ ಚಪ್ಪಾಳೆ ತಟ್ಟತೊಡಗಿದರು.

"ನೋಡ್ರಪ್ಪೋ ನೋಡಿ! ಎರಡೂ ಅವೆ! ನನ್ನ ಮಗಂಗೆ ಎರಡು ಕಾಲೂ ಅವೆ!"

ಗೆದ್ದವನು ಕಕ್ಕಾಬಿಕ್ಕಿಯಾಗಿ ಬಗ್ಗಿ ತನ್ನ ಕಾಲು ನೋಡಿಕೊಂಡ.