ನೂರಹತ್ತು ಆಂಪಿಯರಿನ ಸೊಸೆ

ನೆಲದ ಮೇಲೆ ಮಲಗಿದ ಕಬ್ಬಿಣವನ್ನು ಬೆಸೆಯುವುದು ನನ್ನ ಗಂಡನಿಗೆ ನೀರು ಕುಡಿದಷ್ಟು ಸಲೀಸು. ಅದೇ ಕಬ್ಬಿಣ ಎದ್ದು ನಿಂತರೆ ಅವರ ಕೈಕಾಲು ಆಡುವುದಿಲ್ಲ. (ಮನೆಯಲ್ಲೂ ಅಷ್ಟೇ. ಅದಕ್ಕೇ ನಾನು ಮುಖ್ಯವಾದ ಮಾತನ್ನೆಲ್ಲ ನಿಂತುಕೊಂಡೇ ಆಡುತ್ತೇನೆ.)

ಹೊಸ ನೀರಿನ ಟ್ಯಾಂಕಿನ ಉಕ್ಕಿನ ಕಾಲುಗಳನ್ನು ಬೆಸೆಯುವ ಕೆಲಸ ಸಿಗಬೇಕಾದರೆ ಒಂದು ಪರೀಕ್ಷೆ ಪಾಸಾಗಬೇಕಿತ್ತು. ಹೆಬ್ಬೆರಳು ದಪ್ಪದ ಎರಡು ಉಕ್ಕಿನ ಹಲಗೆಗಳನ್ನು ಗೋಡೆಯಂತೆ ನಿಲ್ಲಿಸಿ, ನಡುವಿನ ಸಂದನ್ನು ಕೆಳಗಿನಿಂದ ಮೇಲಕ್ಕೆ ಬೆಸೆಯಬೇಕು. ಪರೀಕ್ಷಕರು ನಮ್ಮ ಶೆಡ್ಡಿಗೇ ಬಂದು ಅದನ್ನು ಬಗ್ಗಿಸಿ ನೋಡುತ್ತಾರೆ. ಈಗಾಗಲೇ ಎರಡು ಸಲ ಬಿರುಕು ಬಿಟ್ಟಿತ್ತು. ಮೂರನೆಯದೇ ಕೊನೆಯ ಅವಕಾಶ. ಅದೂ ತಪ್ಪಿದರೆ ಜೀವಮಾನವಿಡೀ ಕಿಟಕಿ ಸರಳು ಬೆಸೆಯುವುದೇ ಗತಿ.

ಇವರು ಅಭ್ಯಾಸಕ್ಕೆ ನಿಂತರೆ ಕರಗಿದ ಲೋಹ ಸಂಜೆಯ ಬಣ್ಣ ತಳೆದು, ನಡುವಿನಲ್ಲಿ ತುಂಬಿಕೊಂಡು, ಹೊಟ್ಟೆ ಬಿಟ್ಟು, ಕೊನೆಗೆ ಟಪ್ಪನೆ ಇವರ ಬೂಟಿನ ಮೇಲೆ ಬೀಳುತ್ತಿತ್ತು. ನೋಡಲು ಬಹಳ ಚೆಂದ. ಬೂಟು ನನ್ನದಲ್ಲವಲ್ಲ.

ನಾನು ಭೌತಶಾಸ್ತ್ರದ ಪದವೀಧರೆ. ಲೋಕದಲ್ಲಿ ಒಂದು ವಸ್ತು ಕೆಳಗೆ ಬೀಳುತ್ತಿರುವಾಗ ಸುಮ್ಮನಿರುವುದು ನನ್ನ ವಿದ್ಯೆಗೆ ಅವಮಾನ. ಎರಡು ಪುಸ್ತಕ ಓದಿ, ಒಂದು ಕೋಷ್ಟಕ ಬರೆದು, ಶೆಡ್ಡಿನ ಗೋಡೆಗೆ ಅಂಟಿಸಿದೆ.

"ರೀ, ಕರೆಂಟು ಇಳಿಸಿ. ನೂರನಲವತ್ತು ಆಂಪಿಯರು ಮಲಗಿದ ಕಬ್ಬಿಣಕ್ಕೆ. ನಿಂತದ್ದಕ್ಕೆ ನೂರಹತ್ತು. ಗುರುತ್ವಾಕರ್ಷಣೆ ಅಂತ ಒಂದಿದೆ."

"ಗೊತ್ತು ಕಣೇ. ದಿನಾ ನನ್ನ ಕಾಲ್ಮೇಲೇ ಬೀಳ್ತಿದೆ."

"ಇನ್ನೊಂದು. ರಾಡು ಈ ಅಂಚಲ್ಲಿ ಒಂದು ಕ್ಷಣ ನಿಲ್ಲಬೇಕು, ಆ ಅಂಚಲ್ಲಿ ಒಂದು ಕ್ಷಣ ನಿಲ್ಲಬೇಕು. ನಡುವೆ ಮಾತ್ರ ನಿಲ್ಲಬಾರದು, ಸರ್ರನೆ ದಾಟಿಬಿಡಬೇಕು. ನೀವು ನಡುವೆಯೇ ಠಿಕಾಣಿ ಹೂಡ್ತೀರಿ."

ಶೆಡ್ಡಿನ ಹಿಂದೆಯೇ ಅಡುಗೆಮನೆ. ಅಲ್ಲಿ ನಮ್ಮ ಅತ್ತೆ. ಮೂವತ್ತು ವರ್ಷ ಮಾವನವರಿಗೆ ಕಬ್ಬಿಣ ಹಿಡಿದುಕೊಟ್ಟವರು. ಅವರಿಗೆ ವೆಲ್ಡಿಂಗ್ ನೋಡುವ ಅಗತ್ಯವಿಲ್ಲ, ಗೋಡೆಯಾಚೆಯಿಂದ ಕೇಳಿದರೆ ಸಾಕು.

"ಕರೆಂಟು ಇಳಿಸ್ಬೇಡ್ವೋ! ನೂರನಲವತ್ತಲ್ಲೇ ಇರ್ಲಿ. ಎಣ್ಣೇಲಿ ಏನೋ ಕರಿದ ಹಾಗೆ ಸದ್ದು ಬರ್ಬೇಕು. ಸೊಸೆ ಹೇಳಿದ್ದಕ್ಕಿಟ್ರೆ ನೆಗಡಿಯಾದ ಮೂಗಿನ ಹಾಗೆ ಕೇಳುತ್ತೆ!"

"ಅತ್ತೆ, ವಿಜ್ಞಾನಕ್ಕೆ ಕಿವಿ ಇಲ್ಲ."

"ಅದಕ್ಕೇ ಹೇಳಿದ್ದು ಕೇಳ್ಸಲ್ಲ!"

ಗಂಡ ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡರು. ನಮ್ಮ ಮನೆಯಲ್ಲಿ ಆ ಹೆಲ್ಮೆಟ್ಟು ಕಿಡಿಗಷ್ಟೇ ಅಲ್ಲ, ಇಂಥ ಹೊತ್ತಿಗೂ ಬಳಕೆಯಲ್ಲಿದೆ.

ಅಂದು ನಾನೇ ಯಂತ್ರದ ಡಯಲ್ಲನ್ನು ನೂರಹತ್ತಕ್ಕೆ ತಿರುಗಿಸಿ, ಅಲ್ಲಿ ಉಗುರುಬಣ್ಣದಿಂದ ಒಂದು ಕೆಂಪು ಚುಕ್ಕೆ ಇಟ್ಟೆ. ಇವರು ಬೆಸೆದರು. ಒಂದೇ ಒಂದು ಹನಿ ಬೀಳಲಿಲ್ಲ! ಗೆರೆ ದುಂಡಗೆ, ಉಬ್ಬಿಕೊಂಡು, ಹೆಣೆದ ಜಡೆಯಂತಿತ್ತು. ಬಗ್ಗಿಸಿ ನೋಡೋಣವೆಂದು ಇವರು ಎತ್ತಿಕೊಂಡರು. ನಾನು ಕೊಡಲಿಲ್ಲ. ಕಲಾಕೃತಿಯನ್ನು ಯಾರಾದರೂ ಬಗ್ಗಿಸುತ್ತಾರೆಯೇ? ಪಕ್ಕದ ಮನೆಯ ಟೈಲರಮ್ಮನಿಗೆ ತೋರಿಸಿ ಬಂದೆ. ಆಮೇಲೆ ಅತ್ತೆಯ ಮುಂದೆ ಶಪಥ ಮಾಡಿದೆ: "ನನ್ನ ನಂಬರು ಸೋತರೆ ಈ ಕೋಷ್ಟಕ ಹರಿದುಹಾಕ್ತೀನಿ. ಶೆಡ್ಡಿನಲ್ಲಿ ಮತ್ತೆ ಬಾಯಿ ತೆರೆಯಲ್ಲ."

"ಟೈಲರಮ್ಮ ಸಾಕ್ಷಿ," ಎಂದರು ಅತ್ತೆ.

ಪರೀಕ್ಷೆಯ ದಿನ ಬೆಳಗ್ಗೆ ಇವರು ನನ್ನ ಬಳಿ ಬಂದು ಮೆಲ್ಲಗೆ, "ನೂರಹತ್ತೇ ಸರಿ," ಎಂದರು. ನನ್ನ ಕಣ್ಣು ತುಂಬಿ ಬಂತು.

ಪರೀಕ್ಷಕರು ಬಂದರು. ಇವರು ಬೆಸೆಯುತ್ತಿರುವಾಗ ಪರೀಕ್ಷಕರು ಇಕ್ಕಳದಂಥ ಒಂದು ಮೀಟರನ್ನು ಕೇಬಲ್ಲಿಗೆ ಸಿಕ್ಕಿಸಿ ಕರೆಂಟು ಎಷ್ಟೆಂದು ಓದಿದರು. "ನೂರಹನ್ನೆರಡು. ಸರಿಯಾಗಿದೆ." ಆರಿದ ಮೇಲೆ ಹಲಗೆಯನ್ನು ತಮ್ಮ ಯಂತ್ರದಲ್ಲಿಟ್ಟು ಒತ್ತಿದರು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಂತಿತು. ಹಲಗೆ ಬಗ್ಗಿತು, ಇನ್ನೂ ಬಗ್ಗಿತು. ಕೂದಲೆಳೆಯಷ್ಟೂ ಬಿರುಕಿಲ್ಲ!

ಕೆಲಸ ಸಿಕ್ಕಿತು. ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

"ನೂರಹತ್ತು ನನ್ನ ಲೆಕ್ಕ, ಸಾರ್," ಎಂದೆ.

ಪರೀಕ್ಷಕರು ಯಂತ್ರದ ಕಡೆ ಬಗ್ಗಿ ನೋಡಿದರು. "ಇಲ್ಲಿ ಮುಳ್ಳು ನೂರನಲವತ್ತರಲ್ಲಿದೆಯಲ್ಲಮ್ಮ?"

ನನ್ನ ಕೆಂಪು ಚುಕ್ಕೆ ದೂರದಲ್ಲಿ ಅನಾಥವಾಗಿ ಹೊಳೆಯುತ್ತಿತ್ತು.

ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು. "ಆ ಮುಳ್ಳು ಸರಿ ಇಲ್ಲ, ಸಾರ್. ಇವ್ನು ಹುಟ್ಟಿದ ವರ್ಷ ಇವ್ನಪ್ಪ ಯಂತ್ರಾನ ಗಾಡಿಯಿಂದ ಬೀಳಿಸಿದ್ರು. ಅವತ್ತಿಂದ ಮೂವತ್ತು ಜಾಸ್ತೀನೇ ತೋರ್ಸುತ್ತೆ. ಮನೇಲಿ ಎಲ್ಲಾರ್ಗೂ ಗೊತ್ತು."

"ನನಗೆ ಯಾರೂ ಹೇಳಲೇ ಇಲ್ಲ!"

"ನೀನು ಕೇಳ್ಲಿಲ್ವಲ್ಲ. ಬರೀ ಹೇಳ್ತಿದ್ದೆ."

ಅಷ್ಟಕ್ಕೇ ಬಿಡದೆ ಅತ್ತೆ ನನ್ನ ಕಲಾಕೃತಿಯನ್ನೂ ತಂದು ಪರೀಕ್ಷಕರ ಕೈಗಿತ್ತರು. ಯಂತ್ರ ಒಂದು ಸಲ ಒತ್ತಿತು, ಅಷ್ಟೇ. ಹಲಗೆ ಪುಸ್ತಕದಂತೆ ತೆರೆದುಕೊಂಡು ಎರಡಾಯಿತು. ಒಳಗೆ ಕಪ್ಪು ಕಿಟ್ಟ ತುಂಬಿತ್ತು. "ಬಿಸಿ ಸಾಲದೆ ಲೋಹ ಒಳಗೆ ಇಳಿದೇ ಇಲ್ಲ. ಮೇಲಷ್ಟೇ ಕೂತಿದೆ," ಎಂದರು ಪರೀಕ್ಷಕರು. ಅವರು ಹಲಗೆಯ ಬಗ್ಗೆಯೇ ಹೇಳಿದ್ದು ಎಂದು ಇಂದಿಗೂ ನಂಬಿದ್ದೇನೆ.

ಅವರು ಹೋದ ಮೇಲೆ ಗಂಡನನ್ನು ಹಿಡಿದು ನಿಲ್ಲಿಸಿದೆ. "ಬೆಳಗ್ಗೆ ನೂರಹತ್ತೇ ಸರಿ ಅಂದ್ರಲ್ಲ?"

"ಅಂದೆ."

"ನನ್ ಹತ್ರ ನೂರನಲವತ್ತೇ ಸರಿ ಅಂದ," ಎಂದರು ಅತ್ತೆ.

"ಅದನ್ನೂ ಅಂದೆ." ಇವರು ನಿಧಾನವಾಗಿ ಕೈಗವಸು ಕಳಚಿದರು. "ನೀನೇ ಹೇಳ್ಕೊಟ್ಟಿದ್ದಲ್ವಾ? ಈ ಅಂಚಲ್ಲಿ ಒಂದು ಕ್ಷಣ, ಆ ಅಂಚಲ್ಲಿ ಒಂದು ಕ್ಷಣ. ಇಷ್ಟು ವರ್ಷ ನಡುವೆ ನಿಂತು ನಿಂತೇ ಕಾಲು ಸುಟ್ಕೊಂಡೆ ನೋಡು."

ಹರಿದ ನನ್ನ ಕೋಷ್ಟಕ ಈಗ ಅತ್ತೆಯ ಮಸಾಲೆ ಡಬ್ಬಿಗಳ ಕೆಳಗಿದೆ. ಮುರಿದ ಹಲಗೆಯ ಒಂದು ತುಂಡು ಅಡುಗೆಮನೆಯ ಬಾಗಿಲಿಗೆ, ಇನ್ನೊಂದು ಶೆಡ್ಡಿನ ಬಾಗಿಲಿಗೆ, ಮುಚ್ಚಿಕೊಳ್ಳದಂತೆ ಒತ್ತು. ಶಪಥದ ಪ್ರಕಾರ ನಾನು ಶೆಡ್ಡಿನಲ್ಲಿ ಬಾಯಿ ತೆರೆಯುವಂತಿಲ್ಲ. ಇವರು ದಿನಾ ಅತ್ತೆಯ ಬಳಿ ಒಂದು ಕ್ಷಣ ನಿಂತು, ನನ್ನ ಬಳಿ ಒಂದು ಕ್ಷಣ ನಿಂತು, ನಡುವಿನ ಜಾಗವನ್ನು ಸರ್ರನೆ ದಾಟಿ ಕೆಲಸಕ್ಕೆ ಹೋಗುತ್ತಾರೆ.