ಕಂಬವಿಲ್ಲದ ಪೋರ್ಟಿಕೋ, ಎರಡು ಬಾಳೆಕಂದು

ಪೋರ್ಟಿಕೋ ಬಿದ್ದ ಕತೆಯನ್ನು ನನಗೆ ಮೊಟ್ಟಮೊದಲು ಹೇಳಿದವನು ಪುಟ್ಟೇನಹಳ್ಳಿಯ ಮುನಿಯಪ್ಪ ಮೇಸ್ತ್ರಿ. ಮನೆ ಕಟ್ಟಿಸಲು ಹೊರಟವನನ್ನು ಇಂಥ ಕತೆಗಳು ತಾವಾಗಿಯೇ ಹುಡುಕಿಕೊಂಡು ಬರುತ್ತವೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಆರ್.ಟಿ. ನಗರದ ನಮ್ಮ ಸೈಟಿನಲ್ಲಿ ಪಾಯ ತೋಡುತ್ತಿದ್ದರು. ಮುನಿಯಪ್ಪ ಎಲೆಗೆ ಸುಣ್ಣ ಸವರುತ್ತಾ ಹೇಳಿದ:

“ಯಲಹಂಕದ ತಾವ ಯಾರೋ ಒಬ್ರು ಇಂಗೇ ಕಂಬ ಇಲ್ದಂಗೆ ಪೋರ್ಟಿಕೋ ಆಕ್ಸಿದ್ರಂತೆ ಸ್ವಾಮಿ. ಗೃಹಪ್ರವೇಶದ ದಿನಾನೇ ದಬಾರ್ ಅಂತ ಬಿತ್ತಂತೆ.”

“ಅಯ್ಯೋ! ಯಾರಿಗಾದ್ರೂ ಏಟಾಯ್ತೇನಪ್ಪ?”

“ಅಷ್ಟೊತ್ಗೆ ನಂಗೇಳ್ತಿದ್ದೋನು ಬಸ್ ಬಂತು ಅಂತ ಬಸ್ಸತ್ಕೊಂಡು ಒಂಟೋಗ್ಬುಟ್ಟ.”

ಕತೆಯ ಕೊನೆ ನನಗೂ ಸಿಗಲಿಲ್ಲ. ಅದಾದರೂ ಇರಲಿ, ಜಲ್ಲಿ ರಾಶಿಯ ಆಚೆ ಕೊಡೆ ಹಿಡಿದು ಕೂತಿದ್ದ ನಮ್ಮಮ್ಮ ಇದನ್ನೆಲ್ಲ ಕೇಳಿಸಿಕೊಂಡುಬಿಟ್ಟಿದ್ದಳು.

ಚಾಚಿದ ಕೈ

ಮನೆಯ ನಕ್ಷೆ ಬರೆದವನು ನನ್ನ ಹೆಂಡತಿಯ ತಮ್ಮ. ಮನೆ ವಿನ್ಯಾಸದ ಓದು ಆಗಷ್ಟೇ ಮುಗಿಸಿದ್ದ. ನಾನು ಹಳ್ಳಿಯ ಶಾಲೆಯಲ್ಲಿ ಕಲಿತು, ಯಶವಂತಪುರದ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾದವನು. ನಾನು ಹುಟ್ಟಿದ ಮನೆಯ ಪಡಸಾಲೆಯಲ್ಲಿ ಕಂಬಗಳಿಗೆ ಒರಗಿ ಕೂರದೆ ಯಾರೂ ಮಾತೇ ಶುರು ಮಾಡುತ್ತಿರಲಿಲ್ಲ. ಇವನ ನಕ್ಷೆಯಲ್ಲಿ ನೋಡಿದರೆ, ಮುಂಬಾಗಿಲ ಮೇಲೆ ಗೋಡೆಯಿಂದ ಒಂದು ದಪ್ಪ ಆರ್‌ಸಿಸಿ ಚಾವಣಿ ಬೀದಿಯ ಕಡೆಗೆ ಚಾಚಿಕೊಂಡಿತ್ತು. ಕೆಳಗೆ ಕಂಬವೇ ಇಲ್ಲ. ಮನೆಯೊಳಗೆ ಹೋಗಲು ಅದೊಂದೇ ದಾರಿ.

“ಕಂಬ ಎಲ್ಲಪ್ಪ?” ಎಂದು ಅಮ್ಮ ಅಂದು ಸಂಜೆಯೇ ಅವನನ್ನು ಕೇಳಿದಳು.

“ಬೇಕಾಗಿಲ್ಲಮ್ಮ. ಈಗಿನ ಮನೆಗಳೆಲ್ಲ ಹೀಗೇ. ನೋಡಿ, ನನ್ನ ಕೈ ಚಾಚಿದೀನಿ. ಇದಕ್ಕೆ ಕಂಬ ಇದೆಯಾ? ಭುಜ ಹಿಡ್ಕೊಂಡಿದೆ. ಹಾಗೇ ಗೋಡೆ ಆ ಚಾವಣೀನ ಹಿಡ್ಕೊಂಡಿರುತ್ತೆ.”

“ಸರಿ, ಹಾಗೇ ಹಿಡ್ಕೊಂಡಿರು” ಎಂದು ಅಮ್ಮ ಒಳಗೆ ಹೋದಳು. ಬೀಜ ಹುರಿದು, ಪುಡಿ ಮಾಡಿ, ಡಿಕಾಕ್ಷನ್ ಇಳಿಸಿ, ಕಾಫಿ ಬೆರೆಸಿಕೊಂಡು ಬರುವಷ್ಟರಲ್ಲಿ ಹುಡುಗನ ಮುಖ ಕೆಂಪಾಗಿತ್ತು. ಲೋಟ ಕಂಡದ್ದೇ ಕೈ ಧೊಪ್ಪೆಂದು ತೊಡೆಯ ಮೇಲೆ ಬಿತ್ತು.

“ನೋಡಿದ್ಯಾ?” ಎಂದು ಅಮ್ಮ ನನ್ನ ಕಡೆ ತಿರುಗಿದಳು. “ಬಿತ್ತು.”

ಆಮೇಲೆ ಮೆಲ್ಲಗೆ ಇನ್ನೊಂದು ಮಾತು ಸೇರಿಸಿದಳು. “ನಮ್ಮ ಮನೆದೇವರು ನರಸಿಂಹಸ್ವಾಮಿ ಕಣೋ. ಕಂಬ ಒಡ್ಕೊಂಡು ಬಂದೋನು. ಕಂಬಾನೇ ಇಲ್ದಿದ್ರೆ ಕಷ್ಟಕಾಲಕ್ಕೆ ಎಲ್ಲಿಂದ ಬರ್ತಾನೆ? ನಾನಂತೂ ಅದರ ಕೆಳಗೆ ಕಾಲಿಡಲ್ಲ.”

ಆ ಮಾತು ನನ್ನನ್ನು ಕಂಗೆಡಿಸಿತು. ಅಮ್ಮ ಕಾಲಿಡದ ಮನೆಯಲ್ಲಿ ನಾನು ದೇವರ ದೀಪ ಹಚ್ಚುವುದು ಹೇಗೆ? ಹಾಗೆಂದು ನಕ್ಷೆ ಬದಲಿಸಲು ಹೋದರೆ ಹೆಂಡತಿಯ ಮುಖ ಊದುತ್ತಿತ್ತು.

ಆಸರೆ ತೆಗೆದ ದಿನ

ಕಾಂಕ್ರೀಟು ಹಾಕಿ, ನೀರುಣಿಸಿ, ಸೆಂಟ್ರಿಂಗ್ ಬಿಚ್ಚುವ ದಿನ ಬಂತು. ಚಾವಣಿಯ ಕೆಳಗೆ ಕೊಟ್ಟಿದ್ದ ಸರ್ವೆ ಮರದ ಆಸರೆಗಳನ್ನು ಮುನಿಯಪ್ಪನ ಆಳುಗಳು ಒಂದೊಂದಾಗಿ ಬಡಿದು ಕೆಡವಿದರು. ಕೊನೆಯದನ್ನು ಕೆಡವುವಾಗ ಹಗ್ಗ ಕಟ್ಟಿ ಬೀದಿಯಿಂದ ಎಳೆದರು. ಮುನಿಯಪ್ಪ ಬೀದಿಯ ಆಚೆ ಬದಿಯಲ್ಲಿದ್ದ. ನಾನು ಅವನ ಹಿಂದೆ ನಿಂತು ನರಸಿಂಹ ಸ್ತೋತ್ರ ಹೇಳಿಕೊಳ್ಳುತ್ತಿದ್ದೆ. ನಡುವೆ ಸಾಲು ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದೆ.

ಆಸರೆಯೆಲ್ಲ ಬಿದ್ದರೂ ಚಾವಣಿ ನಿಂತಿತ್ತು. ನನ್ನ ಬಾಮೈದ ಮಾತ್ರ ನೆಟ್ಟಗೆ ಹೋಗಿ ಅದರ ಕೆಳಗೆ ನಿಂತ. “ಭಾವ, ನಾನು ಬರೆದ ನಕ್ಷೆ. ನಾನೇ ನಿಂತಿದೀನಿ, ನೋಡಿ!”

ಅಮ್ಮ ಬೀದಿಯಿಂದಲೇ ಕೂಗಿಕೊಂಡಳು. “ಅಯ್ಯೋ, ಈಚೆ ಬಾರೋ ಪುಣ್ಯಾತ್ಮ! ಬೀಗಿತ್ತಿಗೆ ನಾನು ಹೇಗೆ ಮುಖ ತೋರಿಸ್ಲಿ? ನಿಂಗಿನ್ನೂ ಮದುವೆ ಕೂಡ ಆಗಿಲ್ಲ!”

“ಯಾರಾದ್ರೂ ನಿಂತ್ರೆ ತಾನೆ ನಿಮಗೆ ನಂಬಿಕೆ ಬರೋದು?”

ಅಮ್ಮ ಒಂದು ಗಳಿಗೆ ಯೋಚಿಸಿ ನನ್ನ ರಟ್ಟೆ ಹಿಡಿದು ಮುಂದಕ್ಕೆ ನೂಕಿದಳು. “ಹಾಗಾದ್ರೆ ಇವನು ನಿಂತ್ಕೊಳ್ಲಿ. ಇವನಿಗೆ ಮಕ್ಕಳೂ ಆಗಿವೆ.”

ನನ್ನ ಹೆಂಡತಿ ತಮ್ಮನನ್ನು ಒಮ್ಮೆ, ನನ್ನನ್ನು ಒಮ್ಮೆ ನೋಡಿ, “ಕಾಫಿ ತರ್ತೀನಿ” ಎಂದು ಹೊರಟೇಹೋದಳು.

ಬಂದೇ ಬಂತು ಕಂಬ

ಗೃಹಪ್ರವೇಶದ ದಿನ ಪುರೋಹಿತರು ಗೇಟಿನಲ್ಲೇ ನಿಂತು ಕತ್ತೆತ್ತಿದರು. “ದ್ವಾರಪೂಜೆ ಒಳಗೆ ಕೂತು ಮಾಡೋಣವೇ?”

“ಬಾಗಿಲ ಪೂಜೆ ಒಳಗೆ ಮಾಡಲು ಶಾಸ್ತ್ರ ಒಪ್ಪುತ್ತದೆಯೇ?” ಎಂದೆ.

“ಹುಡುಕಿದರೆ ಸಿಗುತ್ತೆ” ಎಂದರು ಅವರು, ಚಾವಣಿಯಿಂದ ಕಣ್ಣು ತೆಗೆಯದೆ.

ಅಮ್ಮ ಕಳಶ ಹಿಡಿದು ಬೀದಿಯಲ್ಲೇ ನಿಂತಿದ್ದಳು. ಮುಹೂರ್ತ ಸರಿಯುತ್ತಿತ್ತು. ಅಷ್ಟರಲ್ಲಿ ಮುನಿಯಪ್ಪ ತಡವಾಗಿ ಬಾಳೆಕಂದು ತಂದ. ಆಸೆಯಿಂದ ಹೆಬ್ಬಾಳದ ತೋಟದಲ್ಲಿ ಎತ್ತರವಾದವನ್ನೇ ಆರಿಸಿದ್ದನಂತೆ. ಚಾವಣಿಯ ಎರಡು ಮೂಲೆಗಳಲ್ಲಿ ನಿಲ್ಲಿಸಿದರೆ ಉದ್ದ ಹೆಚ್ಚಾಯಿತು. ಮಚ್ಚಿನಿಂದ ಬುಡ ಕೊಚ್ಚಿ, ಚಾವಣಿಗೆ ಬಿಗಿಯಾಗಿ ಒತ್ತಿ ನಿಲ್ಲಿಸಿದ. ಎಲೆಗಳು ಮಡಚಿಕೊಂಡು ಬೀದಿಯ ಕಡೆಗೆ ಬಾಗಿದವು.

ಅಮ್ಮ ಎಡಗಡೆಯದನ್ನು ನೋಡಿದಳು. ಬಲಗಡೆಯದನ್ನು ನೋಡಿದಳು. “ಹೂಂ. ಈಗ ಸರಿಹೋಯ್ತು. ಕಂಬ ಬಂತಲ್ಲ” ಎಂದು ಬಲಗಾಲಿಟ್ಟು ಒಳಗೆ ನಡೆದಳು.

“ಅಮ್ಮಾ, ಅದು ಬಾಳೆ...” ಎಂದು ಬಾಯಿ ತೆರೆದ ಬಾಮೈದನ ಕಾಲನ್ನು ನಾನು ಭಕ್ತಿಯಿಂದ ತುಳಿದೆ.

ಪೂಜೆ ಮುಗಿದ ಮೇಲೆ ಅವನು ಪಿಸುಗುಟ್ಟಿದ. “ಭಾವ, ಅದರೊಳಗೆ ಇರೋದು ಬರೀ ನೀರು.”

“ಸುಮ್ನಿರೋ. ನಮ್ಮ ಸ್ವಾಮಿಗೆ ಯಾವ ಕಂಬವಾದರೂ ಆಗುತ್ತೆ.”

ಓಡುವ ನೆಂಟರು

ಬಾಳೆಕಂದಿಗೆ ಒಂದು ದೋಷ. ಅದು ಬಾಡುತ್ತದೆ. “ಕಂಬ ಸೊರಗ್ತಿದೆ ಕಣೋ” ಎಂದು ಅಮ್ಮ ಆತಂಕಪಡುವಳು. ನಾನು ಸೈಕಲ್ಲಿಗೆ ಕಟ್ಟಿಕೊಂಡು ಹೊಸದನ್ನು ತರುವೆನು. ನಮ್ಮ ಮನೆಯಲ್ಲಿ ದಿನವೂ ಮದುವೆಯೆಂದು ಬೀದಿಯವರು ತಿಳಿದರು. ಒಂದು ಮಧ್ಯಾಹ್ನ ಜರಿ ಸೀರೆ, ಜರಿ ಪಂಚೆಯ ದಂಪತಿಗಳು ಉಡುಗೊರೆಯ ಪೊಟ್ಟಣ ಹಿಡಿದು ಒಳಗೆ ಬಂದು, ನಮ್ಮ ನಡುಮನೆಯಲ್ಲಿ ಕೂತು, “ಹುಡುಗಿ ಕಡೆಯವರು ಇನ್ನೂ ಬಂದಿಲ್ವಾ?” ಎಂದರು. ಅಮ್ಮ ಅವರಿಗೆ ಹುಳಿಯನ್ನ ಹಾಕಿ ಕಳಿಸಿದಳು.

ಬಾಳೆಕಂದಿನ ಮೇಲೆ ಅಮ್ಮನಿಗಿದ್ದ ನಂಬಿಕೆ ಮಿಕ್ಕವರಿಗೆ ಇರಲಿಲ್ಲ. ಅಂಚೆಯವನು ಗೇಟಿನಿಂದಲೇ ಕಾಗದ ಎಸೆಯುತ್ತಿದ್ದ. ನೆಂಟರು ಗೇಟಿನ ಬಳಿ ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಒಂದೇ ಓಟಕ್ಕೆ ಒಳಗೆ ಬರುತ್ತಿದ್ದರು. ದೇವರಾಣೆಗೂ ನಾನೂ ಹಾಗೇ ಬರುತ್ತಿದ್ದೆ. ಆದರೆ ಎಲ್ಲರಿಗಿಂತ ಜೋರಾಗಿ ಓಡುತ್ತಿದ್ದವರು ನಮ್ಮ ಮಾವನವರು, ಆ ನಕ್ಷೆ ಬರೆದವನ ತಂದೆ.

ಬಸ್ಸಿನಲ್ಲಿ ಕೇಳಿದ್ದು

ಹೀಗೆ ಕೆಲವು ವರ್ಷ ಕಳೆದವು. ಒಂದು ಸಂಜೆ ಯಶವಂತಪುರದಿಂದ ಬಸ್ಸಿನಲ್ಲಿ ಬರುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅಪರಿಚಿತರು ಮಾತಿಗೆ ತೊಡಗಿದರು.

“ಆರ್.ಟಿ. ನಗರದಲ್ಲಿ ಒಂದು ಮನೆ ಇತ್ತಲ್ಲ ಸಾರ್, ಮುಂದೆ ಯಾವಾಗ್ಲೂ ಬಾಳೆಕಂದು ಕಟ್ಟಿರ್ತಿದ್ರಲ್ಲ?”

“ಹೌದು. ಏನಾಯ್ತು?”

“ಪೋರ್ಟಿಕೋ ದಬಾರ್ ಅಂತ ಬಿತ್ತಂತೆ. ಕಂಬಾನೇ ಇರ್ಲಿಲ್ವಂತೆ, ನೋಡಿ. ಕೆಳಗೆ ಪಾಪ, ಒಬ್ರು ಅಜ್ಜಿ ಕೂತಿದ್ರಂತೆ.”

ನಾನು ಅವರ ತೋಳು ಹಿಡಿದೆ. “ಅಜ್ಜಿಗೆ? ಅಜ್ಜಿಗೆ ಏನಾಯ್ತ್ರೀ?”

“ನನ್ನ ಸ್ಟಾಪ್ ಬಂತು, ಬರ್ತೀನಿ ಸಾರ್” ಎಂದು ಇಳಿದೇಬಿಟ್ಟರು.

ಇದು ಮುನಿಯಪ್ಪನ ಹಳೆಯ ಕತೆ, ಊರು ಸುತ್ತಿ ನಮ್ಮ ಬಾಗಿಲಿಗೇ ಬಂದಿದೆ ಎಂದು ಬುದ್ಧಿ ಹೇಳಿತು. ಕಾಲು ಕೇಳಬೇಕಲ್ಲ? ಬಸ್ಸಿಳಿದವನು ಊಟದ ಡಬ್ಬಿ ಗಡಗಡ ಅನ್ನಿಸುತ್ತಾ, ಸ್ವಾಮಿಯನ್ನು ಕೂಗುತ್ತಾ ಮನೆಯವರೆಗೂ ಓಡಿದೆ.

ಅಮ್ಮ ಪೋರ್ಟಿಕೋದ ಕೆಳಗೆ, ಸರಿಯಾಗಿ ನಟ್ಟನಡುವೆ, ಕಾಲು ಚಾಚಿಕೊಂಡು ಕೂತು ಅವರೆಕಾಳು ಹಿದುಕುತ್ತಿದ್ದಳು. ನಾನು ಅವಳ ಪಕ್ಕದಲ್ಲೇ ಕುಸಿದೆ. ಆ ಚಾವಣಿಯ ಕೆಳಗೆ ನಾನು ಕೂತದ್ದು ಅದೇ ಮೊದಲು. ಹೆದರುತ್ತಲೇ ಕತ್ತೆತ್ತಿದೆ. ಒಂದು ಕೂದಲೆಳೆಯಷ್ಟು ಬಿರುಕೂ ಇರಲಿಲ್ಲ.

“ಯಾಕೋ, ಯಾರು ಅಟ್ಟಿಸ್ಕೊಂಡು ಬಂದ್ರು?”

“ಅಮ್ಮಾ... ಪೋರ್ಟಿಕೋ ಬಿತ್ತು ಅಂದ್ರು.”

ಅಮ್ಮ ಮೇಲೆ ನೋಡಲೇ ಇಲ್ಲ. ಎಡಗಡೆಯ ಬಾಳೆಕಂದನ್ನು ನೋಡಿದಳು, ಬಲಗಡೆಯದನ್ನು ನೋಡಿದಳು. ಆಮೇಲೆ ನನ್ನನ್ನು, ದಡ್ಡನನ್ನು ನೋಡುವ ಹಾಗೆ ನೋಡಿದಳು.

“ಹೇಗೆ ಬೀಳುತ್ತೋ? ಬೆಳಿಗ್ಗೆ ನೀನೇ ತಾನೆ ಹೊಸ ಕಂಬ ಕಟ್ಟಿದ್ದು?”

ಇದನ್ನು ಓದಿದವರಲ್ಲಿ ನನ್ನದೊಂದು ಪ್ರಾರ್ಥನೆ. ಈ ಕತೆಯನ್ನು ಮನೆ ಕಟ್ಟಿಸುವ ಎಲ್ಲರಿಗೂ ಧಾರಾಳವಾಗಿ ಹೇಳಿ. ಬಸ್ಸಿನಲ್ಲಾದರೂ ಸರಿಯೇ. ಆದರೆ ಪೋರ್ಟಿಕೋ ನಿಂತಿದೆ, ಅಜ್ಜಿ ಕ್ಷೇಮವಾಗಿದ್ದರು ಎನ್ನುವುದನ್ನು ಹೇಳಿ ಮುಗಿಸದೆ, ದಯವಿಟ್ಟು ನಿಮ್ಮ ಸ್ಟಾಪಿನಲ್ಲಿ ಇಳಿಯಬೇಡಿ.