ಪಾಪವಿಲ್ಲದ ನಾಟಕ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಸೀಸೆ ಕೆಂಪು ಶರಬತ್ತು. ಚರ್ಚಿನ ಶಾಲೆಯ ವಾರ್ಷಿಕೋತ್ಸವದ ಬೆಳಿಗ್ಗೆ ಚರಿತ್ರೆ ಮೇಷ್ಟ್ರು ಅದನ್ನು ಹೆಂಡವೆಂದು ರಂಗದ ಮೇಲಿಟ್ಟು ತಾಲೀಮು ಶುರುಮಾಡಿದ್ದರು.

ಶಿಕ್ಷಕರೇ ಆಡುವ ನಾಟಕ. ಬೈಬಲಿನ ಕತೆ, ಅಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ಕಿರಿಮಗ ಅಪ್ಪನಿಂದ ಆಸ್ತಿ ಕಿತ್ತುಕೊಂಡು ದೂರದೇಶಕ್ಕೆ ಹೋಗಿ, ಕುಡಿದು ಕುಣಿದು ಎಲ್ಲ ಕಳೆದು, ಹಂದಿ ಮೇಯಿಸಿ, ಹಸಿದು ಮರಳುತ್ತಾನೆ. ಅಪ್ಪ ಅಪ್ಪಿಕೊಂಡು ಔತಣ ಮಾಡಿಸುತ್ತಾನೆ. ಮನೆಯಲ್ಲೇ ದುಡಿದ ಹಿರಿಮಗನಿಗೆ ಸಿಟ್ಟು ಬರುತ್ತದೆ. ನೀನು ಯಾವಾಗಲೂ ನನ್ನ ಜೊತೆಯಲ್ಲೇ ಇದ್ದೀಯ, ನನ್ನದೆಲ್ಲ ನಿನ್ನದೇ ಎಂದು ಅಪ್ಪ ಅವನನ್ನು ಸಮಾಧಾನಪಡಿಸುತ್ತಾನೆ. ಕಿರಿಮಗನ ಪಾತ್ರ ಡ್ರಿಲ್ ಮೇಷ್ಟ್ರದು; ಆತ ಹೆಚ್ಚು ಸಂಬಳದ ಆಸೆಗೆ ಬೇರೆ ಶಾಲೆಗೆ ಓಡಿಹೋಗಿ, ಅಲ್ಲಿ ಒಗ್ಗದೆ ಮೊನ್ನೆ ಮರಳಿದ್ದವನು.

ಚರಿತ್ರೆ ಮೇಷ್ಟ್ರ ಜೀವವೆಲ್ಲ ಆ ಸಂಜೆಯ ಮೇಲಿತ್ತು. ಶಾಲೆಯ ಒಂದೇ ಒಂದು ಖಾಯಂ ಹುದ್ದೆ ಯಾರಿಗೆಂದು ಶಾಲೆ ನಡೆಸುವ ಚರ್ಚಿನ ಪಾದ್ರಿ ಅಯ್ಯನವರು ವೇದಿಕೆಯಲ್ಲೇ ಹೇಳುವವರಿದ್ದರು. ಹುದ್ದೆಯ ಜೊತೆಗೆ ಕ್ವಾರ್ಟರ್ಸ್. ಹಂಗಾಮಿಯಾಗಿಯೇ ತಲೆ ಬೆಳ್ಳಗಾಗಿತ್ತು, ಅದೂ ಮಾವನ ಮನೆಯ ಮಹಡಿಕೋಣೆಯಲ್ಲಿ. ಹೆಂಡತಿ ಆಗಲೇ ಪಾತ್ರೆಪಗಡೆ ಕಟ್ಟಿಟ್ಟಿದ್ದಳು.

ಅಯ್ಯನವರು ಸೀಸೆ ಕಂಡು ಹೌಹಾರಿದರು. “ಇದೇನಿದು?”

“ಮಗ ಹಾಳಾಗ್ಬೇಕಲ್ಲ, ಅಯ್ಯನವರೇ.”

“ಹಾಳಾಗ್ಲಿ. ಸೀಸೆ ಇಲ್ದೆ ಹಾಳಾಗ್ಲಿ.”

ಸೀಸೆ ಹೋಯಿತು. ಅದರ ಹಿಂದೆಯೇ ಬಂದ ಅಯ್ಯನವರ ಹೆಂಡತಿ, ಕುಣಿತ ನೋಡಿದರೆ ಮಕ್ಕಳು ಕೆಡುತ್ತಾರೆಂದು ಅದನ್ನೂ ತೆಗೆಸಿದರು. ಇಬ್ಬರು ಗಂಡುಮಕ್ಕಳ ತಂದೆಯಾದ ಖಜಾಂಚಿ, ಅಪ್ಪ ಬದುಕಿರುವಾಗಲೇ ಪಾಲು ಕೇಳುವುದೆಂದರೇನು ಎಂದು ಗದರಿದರು. ಅದೂ ಹೋಯಿತು. ಹಂದಿಗಳನ್ನು ಓಡಿಸಿದ್ದು ಹೆಡ್ ಮಿಸ್. ಮುಖ್ಯ ಅತಿಥಿ ಚುನಾವಣೆಗೆ ನಿಂತವನು. ಅಯ್ಯನವರಿಗೆ ಹಿಡಿಸದ ಪಾಠಗಳನ್ನು ಪಠ್ಯಪುಸ್ತಕದಿಂದ ತೆಗೆಸುತ್ತೇನೆಂದು ಮಾತು ಕೊಟ್ಟವನು. ಪಕ್ಷ ಬಿಟ್ಟು ಹೋಗಿ ಈಗಷ್ಟೇ ಹಳೆಯ ಪಕ್ಷಕ್ಕೆ ಮರಳಿದ್ದ ಅವನಿಗೆ ಹಂದಿ ತೋರಿಸಿದರೆ, ತನ್ನನ್ನೇ ಅಣಕಿಸಿದರೆಂದುಕೊಂಡಾನು, ಮುಗಿದೇ ಹೋಯಿತು.

ಮೇಷ್ಟ್ರು ಎಲ್ಲದಕ್ಕೂ ತಲೆಯಾಡಿಸಿದರು. ಖಾಯಂ ಆಗಬೇಕಾದವನು ಇನ್ನೇನು ಮಾಡಿಯಾನು? ಮಧ್ಯಾಹ್ನದ ಹೊತ್ತಿಗೆ ಕಿರಿಮಗ ಅಪ್ಪನ ಆಶೀರ್ವಾದ ಪಡೆದು, ದೂರದೇಶದಲ್ಲಿ ಓದಿ, ಮೊದಲ ದರ್ಜೆಯಲ್ಲಿ ಪಾಸಾಗಿ ಮನೆಗೆ ಬರುತ್ತಿದ್ದ. ನಾಟಕದಲ್ಲಿ ಉಳಿದ ಪಾಪವೆಂದರೆ ಹಿರಿಮಗನ ಸಿಟ್ಟೊಂದೇ. ಅದು ಯಾರ ಕಣ್ಣಿಗೂ ಬೀಳಲಿಲ್ಲ.

ಸಂಜೆ ಪರದೆ ಏಳುವ ಹೊತ್ತಿಗೆ ಹಿರಿಮಗನ ಪಾತ್ರದ ವಿಜ್ಞಾನ ಮೇಷ್ಟ್ರ ಗಂಟಲು ಕಟ್ಟಿಹೋಯಿತು. ಬೇರೆ ದಾರಿಯಿಲ್ಲದೆ ಚರಿತ್ರೆ ಮೇಷ್ಟ್ರೇ ನಿಲುವಂಗಿ ತೊಟ್ಟು ರಂಗಕ್ಕೆ ಬಂದರು.

ಪಾಸಾಗಿ ಬಂದ ತಮ್ಮನ ಮೇಲೆ ಯಾಕೆ ಸಿಟ್ಟಾಗಬೇಕೆಂದು ಅವರಿಗೂ ಗೊತ್ತಿರಲಿಲ್ಲ. ಆದರೆ ಬಾಯಿ ತೆರೆದದ್ದೇ ತಡ, ಮಾತು ಹೊಟ್ಟೆಯೊಳಗಿಂದ ನುಗ್ಗಿತು. “ಇಷ್ಟು ವರ್ಷ ನಿಮ್ಮ ಮನೇಲಿ ದುಡಿದೆ. ಒಂದು ದಿನ ಎದುರು ಮಾತಾಡ್ಲಿಲ್ಲ. ನಂಗೇನು ಕೊಟ್ರಿ?”

ಅಪ್ಪನ ಪಾತ್ರ ಹಿಂದೆ ನಿಂತಿತ್ತು. ಮೇಷ್ಟ್ರು ನೋಡುತ್ತಿದ್ದದ್ದು ಮುಂದಿನ ಸಾಲಿನ ಅಯ್ಯನವರನ್ನು. ಖಜಾಂಚಿಯ ಬಾಯಿ ತೆರೆದದ್ದು ಮುಚ್ಚಲಿಲ್ಲ. ತಾನು ಏನು ಮಾಡಿದೆನೆಂದು ಮೇಷ್ಟ್ರಿಗೆ ಹೊಳೆದದ್ದು ಆಗಲೇ. ಕ್ವಾರ್ಟರ್ಸ್ ಕಣ್ಣೆದುರೇ ಕುಸಿಯಿತು.

ಅಷ್ಟರಲ್ಲಿ ಮುಖ್ಯ ಅತಿಥಿ ಎದ್ದುನಿಂತು ಚಪ್ಪಾಳೆ ತಟ್ಟಿದ. ಕಣ್ಣಲ್ಲಿ ನೀರು. ಇಂಥ ನಾಟಕ ತಾನು ನೋಡಿಯೇ ಇಲ್ಲ, ಈ ನೀತಿಯನ್ನು ಶಾಲೆ ನಡೆದು ತೋರಿಸಬೇಕು ಎಂದ. ಜನರೆಲ್ಲ ಚಪ್ಪಾಳೆ ತಟ್ಟಿದರು. ಮೇಷ್ಟ್ರಿಗೆ ಹೋದ ಜೀವ ಬಂತು. ಹೆಂಡತಿ ಕುಳಿತಲ್ಲಿಂದಲೇ ಕೈಬೀಸಿದಳು.

ಅಯ್ಯನವರು ವೇದಿಕೆಗೆ ಬಂದು ಹೇಳಿದರು: “ಅತಿಥಿಗಳ ಮಾತು ನಿಜ. ಕತೆ ಆಡಿದ್ರೆ ಸಾಲ್ದು, ಅದರಂತೆ ನಡೀಬೇಕು. ನಮ್ಮನ್ನ ಬಿಟ್ಟುಹೋಗಿ ಮರಳಿ ಬಂದ ಮಗನನ್ನ ನಾವೂ ಅಪ್ಪಿಕೊಳ್ತೀವಿ. ಖಾಯಂ ಹುದ್ದೆ ಡ್ರಿಲ್ ಮೇಷ್ಟ್ರಿಗೆ.”

ಚರಿತ್ರೆ ಮೇಷ್ಟ್ರು ನಿಲುವಂಗಿ ಕಳಚತೊಡಗಿದರು. ಅಯ್ಯನವರು ಹತ್ತಿರ ಬಂದು ಪ್ರೀತಿಯಿಂದ ಹೆಗಲ ಮೇಲೆ ಕೈಯಿಟ್ಟರು.

“ಬೇಜಾರು ಮಾಡ್ಕೋಬೇಡಿ, ಮೇಷ್ಟ್ರೇ. ನೀವು ಹೇಗೂ ಯಾವಾಗ್ಲೂ ನಮ್ಮ ಜೊತೇಲೇ ಇರೋರು. ನಮ್ಮದೆಲ್ಲ ನಿಮ್ದೇ ಅಲ್ವಾ? ಈ ಕುರ್ಚಿಗಳನ್ನ ಒಂಚೂರು ಒಳಗಿಡ್ಸಿಬಿಡಿ.”